ಕಾರಿನ ಧೂಳು

ಬಳಕೆ ತಪ್ಪಿದ ವಸ್ತುಗಳ ಮೇಲೆ ಮನುಷ್ಯನಿಗೆ ಒಂದು ಬಗೆಯ ಮೋಹ. ಒರಳುಕಲ್ಲು, ಕಂದೀಲು, ಕೀಲಿ ಕೊಡುವ ಗಡಿಯಾರ ಇವೆಲ್ಲ ಮನೆಯಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಯಾರ ಕಣ್ಣಿಗೂ ಬಿದ್ದವಲ್ಲ. ಕೆಲಸದಿಂದ ನಿವೃತ್ತವಾದ ಮೇಲೆಯೇ ಅವು ಗಾಜಿನ ಪೆಟ್ಟಿಗೆಯನ್ನು ಸೇರಿ, ಫಲಕ ಹೊತ್ತು, ದರ್ಶನೀಯವಾಗುತ್ತವೆ. ಮೋಟಾರು ಕಾರಿನ ಹಣೆಬರಹವೂ ಇದೇ. ಕಳೆದ ಜನವರಿಯ ಒಂದು ಭಾನುವಾರ ಎರ್ಣಾಕುಳಂನಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆಯೆಂದು ತಿಳಿದು, ಈ ಊರಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಳಗದ ಐವರು ಬೆಳಗಿನ ಎಂಟು ಗಂಟೆಗೇ ಮೈದಾನದಲ್ಲಿದ್ದೆವು. ನಮ್ಮಲ್ಲಿ ಯಾರೂ ಯಂತ್ರಶಾಸ್ತ್ರ ಬಲ್ಲವರಲ್ಲ. ಇಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಅಧ್ಯಾಪಕಿಯರು, ಒಬ್ಬರು ಹಡಗುಕಟ್ಟೆಯ ನೌಕರರು. ಕಾರಿನ ಬಗ್ಗೆ ನಮಗಿದ್ದದ್ದು ಬಾಲ್ಯದ ನೆನಪು ಮಾತ್ರ. ಆದರೆ ಆ ಒಂದು ದಿನ ನಮ್ಮನ್ನು ಕಾರಿನಿಂದ ದಾರಿಗೆ, ದಾರಿಯಿಂದ ಚರಿತ್ರೆಗೆ ಕರೆದೊಯ್ದ ಬಗೆಯನ್ನು ಇಲ್ಲಿ ನಿವೇದಿಸಬೇಕೆನಿಸಿದೆ.

ಮೈದಾನದ ಹುಲ್ಲಿನ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಮೊದಲಿಗೆ ಕಣ್ಣು ಸೆಳೆದದ್ದು ಕಪ್ಪು ಬಣ್ಣದ ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾಗಿ, ಸಾಮಾನ್ಯನಿಗೂ ಕಾರು ಎಟುಕಬಹುದೆಂದು ಜಗತ್ತಿಗೆ ತೋರಿಸಿಕೊಟ್ಟ ಗಾಡಿ ಅದು. ಅದರಲ್ಲಿ ಕಾಲಬುಡದಲ್ಲಿ ಮೂರು ಪೆಡಲುಗಳಿದ್ದರೂ ವೇಗ ಹೆಚ್ಚಿಸುವ ಪೆಡಲು ಇಲ್ಲ. ಎಡಗಡೆಯದು ಗೇರಿಗೆ, ನಡುವಿನದು ಹಿಂದಕ್ಕೆ ಚಲಿಸಲು, ಬಲಗಡೆಯದು ಬ್ರೇಕಿಗೆ. ವೇಗವನ್ನು ಸ್ಟಿಯರಿಂಗಿನ ಕೆಳಗಿರುವ ಸಣ್ಣದೊಂದು ಕಡ್ಡಿಯಿಂದ ಕೈಯಲ್ಲೇ ನಿಯಂತ್ರಿಸಬೇಕು. ಇಂದಿನ ಚಾಲಕನನ್ನು ಅದರಲ್ಲಿ ಕೂರಿಸಿದರೆ ಗೇಟು ದಾಟುವುದೂ ಕಷ್ಟ. ಅದರ ಪಕ್ಕದಲ್ಲಿ ಬ್ರಿಟನ್ನಿನ ಪುಟ್ಟ ಆಸ್ಟಿನ್ ಸೆವೆನ್. ಆಚೆಗೆ ಮೋರಿಸ್ ಮೈನರ್. ಮುಂದಿನ ಬಾಗಿಲುಗಳು ಹಿಂದುಮುಂದಾಗಿ ತೆರೆದುಕೊಳ್ಳುವ, 'ಡುಕ್ಕರ್' ಎಂಬ ಅಡ್ಡಹೆಸರಿನ ಫಿಯಟ್ 1100. ಕೊನೆಯ ಸಾಲಿನಲ್ಲಿ ವಿಲ್ಲಿಸ್ ಜೀಪುಗಳು ಮತ್ತು ನಮ್ಮೆಲ್ಲರ ಅಂಬಾಸಡರ್. ಮೋರಿಸ್ ಆಕ್ಸ್‌ಫರ್ಡಿನ ರೂಪವನ್ನೇ ಎರವಲು ಪಡೆದು, 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಕಾರು ಇಷ್ಟು ಬೇಗ ಪ್ರದರ್ಶನದ ವಸ್ತುವಾದುದನ್ನು ಕಂಡಾಗ ನಮ್ಮ ವಯಸ್ಸು ನಮಗೆ ನೆನಪಾಯಿತು. ನಮ್ಮಲ್ಲಿ ಒಬ್ಬರ ಮದುವೆಯ ದಿಬ್ಬಣ ಹೋದದ್ದು ಅದರಲ್ಲೇ.

ಹಳೆಯ ಕಾರುಗಳೆಲ್ಲವೂ 'ವಿಂಟೇಜ್' ಅಲ್ಲ ಎಂಬುದು ಅಂದಿನ ಮೊದಲ ಪಾಠ. ಬ್ರಿಟನ್ನಿನ ಸಂಪ್ರದಾಯದಂತೆ ಮೊದಲನೆಯ ಮಹಾಯುದ್ಧ ಮುಗಿದಲ್ಲಿಂದ 1930ರವರೆಗಿನವು ಮಾತ್ರ ಆ ಹೆಸರಿಗೆ ಅರ್ಹ. ಅದಕ್ಕೂ ಹಿಂದಿನವಕ್ಕೆ ಬೇರೆ ಹೆಸರು, ನಂತರದವಕ್ಕೆ 'ಕ್ಲಾಸಿಕ್' ಎಂಬ ಮರ್ಯಾದೆ. ನಮ್ಮ ದೇಶದ ಕಾನೂನು ಇಷ್ಟು ಸೂಕ್ಷ್ಮಕ್ಕೆ ಇಳಿದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಅದಕ್ಕೆ 'ವಿಎ' ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯೆ ಉಂಟು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಒಂದು ಷರತ್ತಿದೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ಅದು ರಸ್ತೆಗಿಳಿಯಬಹುದು.

ಕಾರುಗಳ ಸೌಂದರ್ಯಸ್ಪರ್ಧೆಯ ಮೂಲ ಫ್ರಾನ್ಸಿನ ಶ್ರೀಮಂತರು ತಮ್ಮ ಕುದುರೆಸಾರೋಟುಗಳನ್ನು ಉದ್ಯಾನಗಳಲ್ಲಿ ಮೆರೆಸುತ್ತಿದ್ದ ಪದ್ಧತಿಯಲ್ಲಿದೆಯೆನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಲ್ಲಿ ಆರಂಭವಾದ ಸ್ಪರ್ಧೆ ಇಂದು ಜಗತ್ತಿನಲ್ಲೇ ಅತ್ಯಂತ ಪ್ರತಿಷ್ಠಿತವಾದುದು. ನಮ್ಮಲ್ಲಿ ದೆಹಲಿಯ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ 1964ರಿಂದ ನಡೆದುಬಂದಿದೆ. ಎಲ್ಲೆಡೆಯೂ ತೀರ್ಪಿನ ಸೂತ್ರ ಒಂದೇ: ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಇರಬೇಕು. ಬಣ್ಣ, ಬೋಲ್ಟು, ದೀಪ, ಕೂರುವ ಆಸನದ ಚರ್ಮ ಯಾವುದು ಬದಲಾದರೂ ಅಂಕ ಇಳಿಯುತ್ತದೆ. ಅಂದರೆ ಆ ಕಾರು ಬದುಕಿದ ಬದುಕಿನ ಗುರುತುಗಳನ್ನೆಲ್ಲ ಅಳಿಸಿದಷ್ಟೂ ಅದರ ಬೆಲೆ ಹೆಚ್ಚು.

ಮಾಡೆಲ್ ಟಿ ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಮೃದುವಾದ ಹಳದಿ ಬಟ್ಟೆ ಹಿಡಿದು ಬಾನೆಟ್ಟನ್ನು ಒರೆಸುತ್ತಲೇ ಇದ್ದರು. ಒಂದು ಬದಿ ಒರೆಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬದಿಗೆ ಮೈದಾನದ ಧೂಳು ಬಂದು ಕೂರುತ್ತಿತ್ತು. ನಮ್ಮ ಮಾತು ಕಿವಿಗೆ ಬಿದ್ದಿರಬೇಕು, ಒರೆಸುವುದನ್ನು ನಿಲ್ಲಿಸಿ, "ನೀವು ಕನ್ನಡದವರಾ? ಯಾವ ಊರು ನಿಮ್ಮದು?" ಎಂದು ಕೇಳಿದರು. ಅವರು ಕುಂಬಳೆಯ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಎರ್ಣಾಕುಳಂಗೆ ಬಂದು ಗ್ಯಾರೇಜು ಸೇರಿದವರು. ಆ ಕಾರಿನ ಎಂಜಿನ್ನನ್ನು ಬಿಚ್ಚಿ ಜೋಡಿಸಿದ್ದು ಅವರೇ. ಸಿಗದ ಬಿಡಿಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆಸಿ ಕೂರಿಸಿದ್ದೂ ಅವರೇ.

"ಇದು ಓಡುತ್ತದೆಯೇ ಅಣ್ಣಾ?" ಎಂದು ನಮ್ಮಲ್ಲಿ ಒಬ್ಬರು ಕೇಳಿದರು.

"ಓಡದೆ ಏನು ಮಾರಾಯ್ರೆ! ಓಡುತ್ತದೆ. ಓಡಿಸುವುದಿಲ್ಲ ಅಷ್ಟೆ. ಓಡಿಸಿದರೆ ಧೂಳು. ಧೂಳು ಕಂಡರೆ ಮಾರ್ಕು ಕಡಿಮೆ."

ಫಲಕದಲ್ಲಿ ತಯಾರಕರ ಹೆಸರಿತ್ತು, ವರ್ಷವಿತ್ತು, ಸಿಲಿಂಡರುಗಳ ಲೆಕ್ಕವಿತ್ತು, ಮೊದಲ ಮಾಲೀಕರ ಮನೆತನದ ಹೆಸರೂ ಇತ್ತು. ನಿಮ್ಮ ಹೆಸರೇಕೆ ಇಲ್ಲ ಎಂದು ಕೇಳಿದಾಗ ಅವರು ನಕ್ಕರು. "ಮಗುವಿಗೆ ಮನೆತನದ ಹೆಸರು ಇಡುತ್ತಾರೆ. ಸೂಲಗಿತ್ತಿಯ ಹೆಸರು ಇಡುತ್ತಾರಾ?" ಎಂದು ಮತ್ತೆ ಬಟ್ಟೆಯನ್ನು ಕೈಗೆತ್ತಿಕೊಂಡರು.

ಅವರೊಡನೆ ಮಾತು ಮುಂದುವರಿದಂತೆ, ಅಲ್ಲಿಲ್ಲದ ಒಂದು ಕಾರಿನ ಪ್ರಸ್ತಾಪ ಬಂತು. ಕೇರಳದಲ್ಲಿ ಹಳೆಯ ಕಾರಿನ ಮಾತೆತ್ತಿದರೆ ತಿರುವನಂತಪುರದ 'ಸಿಎಎನ್ 42' ಬರಲೇಬೇಕು. ತಿರುವಾಂಕೂರಿನ ಕೊನೆಯ ಮಹಾರಾಜ ಶ್ರೀ ಚಿತ್ತಿರ ತಿರುನಾಳರ ತಮ್ಮ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರ ಮರ್ಸಿಡಿಸ್ ಬೆಂಜ್ 180 ಕಾರಿನ ಸಂಖ್ಯೆ ಅದು. 1950ರ ದಶಕದಲ್ಲಿ ಕೊಂಡದ್ದು, ನೋಂದಣಿಯಾದದ್ದು ನಮ್ಮ ಕರ್ನಾಟಕದಲ್ಲಿ ಎಂದು ಪತ್ರಿಕೆಗಳು ಬರೆದಿವೆ. ಅವರ ವ್ಯವಹಾರದ ದಿನಗಳು ಬೆಂಗಳೂರಿನೊಡನೆಯೂ ಮಂಗಳೂರಿನೊಡನೆಯೂ ಬೆಸೆದುಕೊಂಡಿದ್ದವು. ಮಂಗಳೂರಿಗರಿಗೆ ಕಾಫಿ ಸಂಸ್ಕರಣೆಯಿಂದ ಚಿರಪರಿಚಿತವಾದ ಆಸ್ಪಿನ್‌ವಾಲ್ ಸಂಸ್ಥೆ ಆ ರಾಜಮನೆತನದ ಒಡೆತನದ್ದೇ. 1922ರಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡ ಮಾರ್ತಾಂಡ ವರ್ಮರು ಆ ಕಾರನ್ನು ಮಾರಲಿಲ್ಲ, ಮೂಲೆಗೆ ಸೇರಿಸಲೂ ಇಲ್ಲ. ಲಕ್ಷಾಂತರ ಮೈಲಿ ಓಡಿಸಿದರು. ಆ ಓಟವನ್ನು ಮೆಚ್ಚಿ ತಯಾರಕರು ಪದಕಗಳನ್ನು ಕೊಟ್ಟರೆಂದೂ, ಹಳೆಯದಕ್ಕೆ ಬದಲಾಗಿ ಹೊಸ ಕಾರುಗಳನ್ನು ಕೊಡಲು ಮುಂದೆ ಬಂದಾಗ ಅವರು ಒಪ್ಪಲಿಲ್ಲವೆಂದೂ ಹೇಳುತ್ತಾರೆ. "ಅದು ಗಾಡಿ ನೋಡಿ! ದಾರಿ ಕಂಡ ಗಾಡಿ" ಎಂದರು ಕುಂಬಳೆಯ ಹಿರಿಯರು. ಆ ಮಾತು ನಮ್ಮ ಜೊತೆಗೇ ಬಂತು.

ಮಧ್ಯಾಹ್ನ ಊಟ ಮುಗಿಸಿ, ಹತ್ತು ಕಿಲೋಮೀಟರಿನಷ್ಟು ದೂರದ ತ್ರಿಪ್ಪುಣಿತ್ತುರಕ್ಕೆ ಹೊರಟೆವು. ಅದು ಕೊಚ್ಚಿ ರಾಜರ ಊರು. 1865ರಲ್ಲಿ ಕಟ್ಟಲು ಆರಂಭಿಸಿ, ಮುಂದೆ 49 ಕಟ್ಟಡಗಳ ಸಮುಚ್ಚಯವಾಗಿ ಬೆಳೆದ ಹಿಲ್ ಪ್ಯಾಲೇಸ್ ಈಗ ಕೇರಳ ಸರ್ಕಾರದ ವಸ್ತುಸಂಗ್ರಹಾಲಯ. ಕನ್ನಡಿಗರಿಗೆ ಅದರ ಇನ್ನೊಂದು ಪರಿಚಯವನ್ನೂ ಕೊಡಬಹುದು: ನಮ್ಮ 'ಆಪ್ತಮಿತ್ರ'ದ ಮೂಲವಾದ 'ಮಣಿಚಿತ್ರತ್ತಾಳ್' ಚಿತ್ರದ ಬಹುಭಾಗ ಚಿತ್ರಿತವಾದದ್ದು ಇಲ್ಲಿಯೇ. ಅಲ್ಲಿ ರಾಜರ ಕುದುರೆಸಾರೋಟುಗಳನ್ನು ಇರಿಸಿದ್ದಾರೆ. ಬೆಳಗ್ಗೆ ಕಂಡ ಕಾರುಗಳ ಅಜ್ಜಂದಿರು ಎದುರಿಗೆ ನಿಂತಂತಾಯಿತು. ಮೊದಮೊದಲ ಕಾರುಗಳ ಎತ್ತರದ ಆಸನ, ಕಾಲಿಡುವ ಹಲಗೆ, ಇಕ್ಕೆಲದ ಲಾಂದ್ರಗಳೆಲ್ಲ ಇವುಗಳಿಂದಲೇ ಬಂದವು. ಕುದುರೆಯನ್ನು ಬಿಚ್ಚಿ ಎಂಜಿನ್ನನ್ನು ಕಟ್ಟಿದ ಮೇಲೂ ಕುಳಿತವರ ಭಂಗಿ ಬದಲಾಗಲಿಲ್ಲ.

ಅರಮನೆಯ ಮುಂದಿನ ಮೆಟ್ಟಿಲುಗಳ ಮೇಲೆ ಕುಳಿತು ನಾವು ಆ ದಿನ ಕಂಡದ್ದನ್ನು ಮೆಲುಕು ಹಾಕಿದೆವು. ಈ ಊರಿನ ರಾಜನೊಬ್ಬನ ಕಥೆಯಿಂದ ಮಾತು ಆರಂಭವಾಯಿತು. 'ರಾಜರ್ಷಿ' ಎಂದು ಹೆಸರಾದ ರಾಮವರ್ಮರಿಗೆ ಷೊರನೂರಿನಿಂದ ಎರ್ಣಾಕುಳಂಗೆ ರೈಲು ತರಬೇಕೆಂಬ ಹಟ. ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. ತ್ರಿಪ್ಪುಣಿತ್ತುರದ ಪೂರ್ಣತ್ರಯೀಶ ದೇವಾಲಯದ ಆನೆಗಳ ಚಿನ್ನದ ನೆತ್ತಿಪಟ್ಟಗಳು ಹದಿನೈದಿದ್ದವು. ಅವುಗಳಲ್ಲಿ ಹದಿನಾಲ್ಕನ್ನು ಮಾರಿ ಹಣ ಹೊಂದಿಸಿದರೆಂಬುದು ಈ ಊರಿನ ಪ್ರಸಿದ್ಧ ಕಥೆ. 1902ರಲ್ಲಿ ರೈಲು ಬಂತು. ಉತ್ಸವದ ಆನೆಯ ಹಣೆಯ ಮೇಲಿದ್ದ ಚಿನ್ನ, ಟಿಕೆಟು ಕೊಂಡವರೆಲ್ಲ ಕೂರಬಹುದಾದ ಗಾಡಿಯಾಯಿತು.

ಮೋಟಾರಿನ ಮೊದಲ ದಿನಗಳು ಮಲಯಾಳಂ ಸಾಹಿತ್ಯಕ್ಕೆ ಕಹಿಯನ್ನೇ ತಂದವು. 'ಕೇರಳ ಕಾಳಿದಾಸ'ರೆಂದು ಖ್ಯಾತರಾದ ಕೇರಳವರ್ಮ ವಲಿಯ ಕೋಯಿತಂಪುರಾನ್ ಶಾಕುಂತಲವನ್ನು ಮಲಯಾಳಂಗೆ ತಂದವರು, 'ಮಯೂರಸಂದೇಶಂ' ಬರೆದವರು. ಅದೇ ತಲೆಮಾರಿನಲ್ಲಿ ಮೈಸೂರಿನ 'ಅಭಿನವ ಕಾಳಿದಾಸ' ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರೆಂಬುದನ್ನು ನೆನೆದರೆ ಎರಡು ಭಾಷೆಗಳ ನಡುವಣ ದಾರಿ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. 1914ರ ಸೆಪ್ಟೆಂಬರಿನಲ್ಲಿ ಕೋಯಿತಂಪುರಾನರು ಪ್ರಯಾಣಿಸುತ್ತಿದ್ದ ಕಾರು ಕಾಯಂಕುಳಂ ಬಳಿ ಮಗುಚಿಬಿತ್ತು. ಅಡ್ಡಬಂದ ನಾಯಿಯನ್ನು ತಪ್ಪಿಸಲು ಹೋಗಿ ಹಾಗಾಯಿತೆಂದು ಹೇಳುತ್ತಾರೆ. ಎರಡು ದಿನಗಳ ಬಳಿಕ ಕವಿ ತೀರಿಕೊಂಡರು. ಕೇರಳದಲ್ಲಿ ಮೋಟಾರು ಅಪಘಾತದಿಂದಾದ ಮೊದಲ ಸಾವು ಅದೆಂದು ಎಣಿಸಲಾಗುತ್ತದೆ.

ಇಷ್ಟು ಮಾತಾಗುವಾಗ ನಮ್ಮ ಅಧ್ಯಾಪಕಿಯರಲ್ಲಿ ಒಬ್ಬರು ಒಂದು ಪ್ರಶ್ನೆ ಎತ್ತಿದರು: "ಕಾರು ಯಾರದ್ದು ಎಂದು ಫಲಕದಲ್ಲಿ ಬರೆದಿದ್ದಾರೆ. ಅದು ಓಡಿದ ರಸ್ತೆ ಯಾರದ್ದಾಗಿತ್ತು?" ಬೆಳಗಿನಿಂದ ಹೊಳಪನ್ನು ನೋಡಿ ನೋಡಿ ದಣಿದಿದ್ದ ನಮ್ಮ ಕಣ್ಣಿಗೆ ಆಗ ಬೇರೊಂದು ಚಿತ್ರ ಕಾಣತೊಡಗಿತು.

ಮೊದಲ ಕಾರುಗಳು ಬಂದ ಕಾಲದಲ್ಲಿ ಈ ನೆಲದ ಅನೇಕ ದಾರಿಗಳಲ್ಲಿ ಸಾವಿರಾರು ಮಂದಿಗೆ ಕಾಲ್ನಡಿಗೆಯ ಹಕ್ಕೂ ಇರಲಿಲ್ಲ. ತಿರುವನಂತಪುರದ ಬಳಿಯ ವೆಂಙಾನೂರಿನ ಅಯ್ಯಂಕಾಳಿ 1893ರಲ್ಲಿ ಒಂದು ವಿಲ್ಲುವಂಡಿಯನ್ನು, ಎಂದರೆ ಕಮಾನಿನ ಎತ್ತಿನಗಾಡಿಯನ್ನು ಕೊಂಡು, ಒಳ್ಳೆಯ ಉಡುಪು ಧರಿಸಿ, ತಮ್ಮ ಜಾತಿಯವರಿಗೆ ನಿಷಿದ್ಧವಾಗಿದ್ದ ರಾಜಮಾರ್ಗದಲ್ಲಿ ಓಡಿಸಿದರು. ಭಾರತದ ವಾಹನಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸವಾರಿ ನಮಗೆ ತಿಳಿಯದು. ಕೊಚ್ಚಿಯಲ್ಲಿ 1913ರಲ್ಲಿ ಪುಲಯ ಸಮುದಾಯದವರು ಸಭೆ ಸೇರಬೇಕೆಂದಾಗ ಅವರಿಗೆ ನೆಲದ ಮೇಲೆ ಜಾಗ ಸಿಗಲಿಲ್ಲ. ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ನೀರಿನ ಮೇಲೆಯೇ ಸಭೆ ನಡೆಸಿದರು. ಅದರ ಹಿಂದೆ ನಿಂತವರಲ್ಲಿ 'ಜಾತಿಕ್ಕುಮ್ಮಿ'ಯ ಕವಿ ಪಂಡಿತ್ ಕರುಪ್ಪನ್ ಒಬ್ಬರು. ತ್ರಿಪ್ಪುಣಿತ್ತುರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ದೂರದ ವೈಕ್ಕಂನಲ್ಲಿ 1924ರ ಮಾರ್ಚ್ 30ರಂದು ಆರಂಭವಾದ ಸತ್ಯಾಗ್ರಹ ದೇವರ ದರ್ಶನಕ್ಕಾಗಿ ನಡೆದದ್ದಲ್ಲ, ದೇವಸ್ಥಾನದ ಸುತ್ತಣ ದಾರಿಯಲ್ಲಿ ನಡೆಯುವ ಹಕ್ಕಿಗಾಗಿ. ಇಪ್ಪತ್ತು ತಿಂಗಳ ಹೋರಾಟದ ಬಳಿಕವೂ ಮೂರು ಬದಿಯ ದಾರಿಗಳು ಮಾತ್ರ ತೆರೆದವು.

ಬೆಳಗ್ಗೆ ನಾವು ನೋಡಿದ ಮಾಡೆಲ್ ಟಿ ಕಾರ್ಖಾನೆಯಿಂದ ಹೊರಬಂದದ್ದು ಅದೇ ವರ್ಷಗಳಲ್ಲಿ. ಫಲಕದಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಬರೆಯದೆ ಉಳಿದದ್ದು ಬಹಳ.

ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆಯಾದದ್ದು 1936ರ ನವೆಂಬರ್ 12ರಂದು. ಅದಾಗಿ ಹದಿನೈದು ತಿಂಗಳಿಗೆ, 1938ರ ಫೆಬ್ರವರಿ 20ರಂದು, ಶ್ರೀ ಚಿತ್ತಿರ ತಿರುನಾಳ್ ಮಹಾರಾಜರು ಸರ್ಕಾರಿ ಬಸ್ಸು ಸೇವೆಯನ್ನು ಉದ್ಘಾಟಿಸಿದರು. ಅದನ್ನು ಕಟ್ಟಿ ನಿಲ್ಲಿಸಲು ಲಂಡನ್ನಿನ ಸಾರಿಗೆ ಸಂಸ್ಥೆಯಿಂದ ಇ. ಜಿ. ಸಾಲ್ಟರ್ ಎಂಬ ಅಧಿಕಾರಿಯನ್ನು ಕರೆಸಿದ್ದರು. ಇಂಗ್ಲೆಂಡಿನಿಂದ ಬಂದ ಕಾಮರ್ ಚಾಸಿಗಳ ಮೇಲೆ ಇಲ್ಲಿಯ ಬಡಗಿಗಳೂ ಕಮ್ಮಾರರೂ ಬಸ್ಸಿನ ಮೈ ಕಟ್ಟಿದರು. ಉದ್ಘಾಟನೆಯ ದಿನ ಮಹಾರಾಜರೂ ಅವರ ಬಂಧುಗಳೂ ಕುಳಿತ ಬಸ್ಸನ್ನು ಸಾಲ್ಟರ್ ತಾವೇ ಓಡಿಸಿ ಕವಡಿಯಾರಿನತ್ತ ಕೊಂಡೊಯ್ದರು. ಇಂದು ಕವಡಿಯಾರಿಗೆ ಹೋಗುವ ರಾಜಬೀದಿ ಆರಂಭವಾಗುವ ವೆಳ್ಳಯಂಬಲದ ವೃತ್ತದಲ್ಲಿ ನಿಂತಿರುವ ಪ್ರತಿಮೆ ಅಯ್ಯಂಕಾಳಿಯವರದು. ಬಸ್ಸು ಬಂದ ಮಾತ್ರಕ್ಕೆ ಜಾತಿ ಇಳಿದುಹೋಯಿತೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಚೀಟಿ ಹರಿದು ಕೊಡುವ ಕಂಡಕ್ಟರು ಕೇಳುವುದು ಊರಿನ ಹೆಸರನ್ನು, ಕುಲದ ಹೆಸರನ್ನಲ್ಲ. ಪಕ್ಕದಲ್ಲಿ ಯಾರು ಕೂರಬೇಕೆಂಬುದನ್ನು ಪ್ರಯಾಣಿಕ ನಿರ್ಧರಿಸಲಾರ. ರಾಜರ ಕಾರು ಮಾಡಲಾಗದ ಈ ಸಣ್ಣ ಕೆಲಸವನ್ನು ಬಸ್ಸು ದಿನವೂ ಮಾಡಿತು.

ನಮ್ಮ ಕರಾವಳಿಗೆ ಬಸ್ಸು ಇನ್ನೂ ಮೊದಲೇ ಬಂದಿತ್ತು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಮಂಗಳೂರಿನಿಂದ ಬಂಟ್ವಾಳಕ್ಕೆ ಬಸ್ಸು ಓಡಿಸಿದ್ದು 1914ರಲ್ಲಿ, ಕೋಯಿತಂಪುರಾನರ ಕಾರು ಮಗುಚಿದ ವರ್ಷದಲ್ಲೇ. ಅಂದಿನ ದಾರಿಗಳೆಲ್ಲ ಕೆಂಪುಮಣ್ಣಿನವು. ಒಂದು ಮೋಟಾರು ಹೋದರೆ ಇಕ್ಕೆಲದ ಗಿಡಮರಗಳೂ ನಡೆದು ಹೋಗುವವರೂ ಕೆಂಪಾಗುತ್ತಿದ್ದರು. ಆ ಧೂಳನ್ನು ಎಲ್ಲರೂ ಶಪಿಸುತ್ತಿದ್ದ ಕಾಲದಲ್ಲಿ ಅದನ್ನು ಹಾರೈಸಿದ ಒಬ್ಬರು ಮಂಗಳೂರಿನಲ್ಲಿದ್ದರು. ಅವರು ಕುದ್ಮುಲ್ ರಂಗರಾಯರು.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಇಂದು ಕೇರಳದಲ್ಲಿರುವ ಕಾಸರಗೋಡಿನಲ್ಲಿ. ಸಾರಸ್ವತ ಬ್ರಾಹ್ಮಣ ಕುಟುಂಬದವರು, ಮಂಗಳೂರಿನಲ್ಲಿ ವಕೀಲರು. ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಂತ ಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ತಮ್ಮ ಶಾಲೆಯ ಮಕ್ಕಳು ಓದಿ, ಸರ್ಕಾರದ ಹುದ್ದೆಗೇರಿ, ಒಂದು ದಿನ ಕಾರಿನಲ್ಲಿ ಕುಳಿತು ಊರಿನ ರಸ್ತೆಯಲ್ಲಿ ಹೋಗಬೇಕು. ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಅವರ ಹಂಬಲವಾಗಿತ್ತೆಂದು ಕರಾವಳಿಯವರು ಇಂದಿಗೂ ನೆನೆಯುತ್ತಾರೆ. 1928ರಲ್ಲಿ ಅವರು ತೀರಿಕೊಂಡಾಗ ಕಾರೆಂಬುದು ಜಿಲ್ಲೆಯ ಅಧಿಕಾರಿಗಳಿಗೂ ಜಮೀನ್ದಾರರಿಗೂ ಮೀಸಲಾದ ವಸ್ತು. ಅದು ಯಾರ ಕೈಸೇರಬೇಕೆಂದು ಅವರು ಕನಸಿದರೋ ಆ ಮಕ್ಕಳಿನ್ನೂ ಸ್ಲೇಟು ಹಿಡಿದು ಅಕ್ಷರ ತಿದ್ದುತ್ತಿದ್ದರು. ಮಂಗಳೂರಿನ ಪುರಭವನ ಈಗ ಅವರ ಹೆಸರನ್ನು ಹೊತ್ತಿದೆ.

ಮೆಟ್ಟಿಲಿನ ಮೇಲೆ ಕುಳಿತು ಈ ಕಥೆಯನ್ನು ಹೇಳಿಕೊಂಡಾಗ ನಮ್ಮೆಲ್ಲರ ಕಣ್ಣ ಮುಂದೆ ಬಂದದ್ದು ಬೆಳಗಿನ ಹಳದಿ ಬಟ್ಟೆ. ಕಾಸರಗೋಡಿನ ಒಬ್ಬರು ಕಾರಿನ ಧೂಳಿಗಾಗಿ ಹಂಬಲಿಸಿದರು. ಅದೇ ಕಡೆಯ ಇನ್ನೊಬ್ಬರು ಇಡೀ ಬೆಳಗು ಕಾರಿನ ಧೂಳನ್ನು ಒರೆಸುತ್ತಿದ್ದರು. ನೂರು ವರ್ಷಗಳ ಅಂತರದ ಈ ಎರಡು ಚಿತ್ರಗಳಲ್ಲಿ ಯಾವುದು ಕಾರಿನ ನಿಜವಾದ ಚರಿತ್ರೆ ಎಂಬುದರಲ್ಲಿ ನಮಗೆ ಸಂದೇಹ ಉಳಿಯಲಿಲ್ಲ. ಹಳೆಯ ಕಾರುಗಳನ್ನು ಜೋಪಾನ ಮಾಡುವವರ ಶ್ರಮ ಸಣ್ಣದಲ್ಲ. ಅವರಿಲ್ಲದಿದ್ದರೆ ಈ ಗಾಡಿಗಳೆಲ್ಲ ಎಂದೋ ಗುಜರಿ ಸೇರುತ್ತಿದ್ದವು. ನಮ್ಮ ಮಕ್ಕಳಿಗೆ ತೋರಿಸಲು ಚಿತ್ರಪಟವಷ್ಟೇ ಉಳಿಯುತ್ತಿತ್ತು. ನಮ್ಮ ಕೋರಿಕೆ ಇಷ್ಟೇ: ಫಲಕದಲ್ಲಿ ಇನ್ನೆರಡು ಸಾಲಿಗೆ ಜಾಗ ಮಾಡಿರಿ. ಈ ಕಾರನ್ನು ಯಾರು ಓಡಿಸಿದರು, ಯಾರು ರಿಪೇರಿ ಮಾಡಿದರು, ಇದು ಹಾದುಹೋಗುವಾಗ ಯಾರು ದಾರಿಯಿಂದ ಇಳಿದು ನಿಲ್ಲಬೇಕಾಗಿತ್ತು ಎಂಬುದನ್ನೂ ಬರೆಯಿರಿ. ಅದನ್ನು ಓದಿದ ಮೇಲೂ ಕ್ರೋಮಿಯಂ ಹೊಳೆಯುತ್ತದೆ.

ಸಂಜೆ ಐದಾದಾಗ ಅರಮನೆಯ ಕಾವಲುಗಾರ ಸೀಟಿ ಊದಿದ. ಮರಳುವಾಗ ನಾವು ಮೆಟ್ರೋ ಹಿಡಿದೆವು. ಆಲುವದಿಂದ ಹೊರಡುವ 28 ಕಿಲೋಮೀಟರಿನ ಈ ಮಾರ್ಗ 2024ರ ಮಾರ್ಚಿನಲ್ಲಿ ತ್ರಿಪ್ಪುಣಿತ್ತುರವನ್ನು ಮುಟ್ಟಿದೆ. ಇದು ಅದರ ಇಪ್ಪತ್ತೈದನೆಯ, ಕೊನೆಯ ನಿಲ್ದಾಣ. ಭಾನುವಾರದ ನೂಕುನುಗ್ಗಲು. ಕೂರಲು ಜಾಗವಿಲ್ಲದೆ ಕಂಬ ಹಿಡಿದು ನಿಂತೆವು. ನಮ್ಮ ಸುತ್ತ ಯಾರು ಯಾರಿದ್ದರೋ ನಾವರಿಯೆವು. ಅವರಿಗೂ ನಮ್ಮ ಪರಿಚಯ ಬೇಕಿರಲಿಲ್ಲ. ಎರ್ಣಾಕುಳಂನಲ್ಲಿ ಇಳಿದು ಮನೆಯತ್ತ ನಡೆಯುವಾಗ ನಮ್ಮ ಚಪ್ಪಲಿಗಳಿಗೆ ಮೈದಾನದ ಮಣ್ಣು ಮೆತ್ತಿಕೊಂಡಿದ್ದುದು ಕಂಡಿತು. ಯಾರೂ ಅದನ್ನು ಕೊಡವಲು ಹೋಗಲಿಲ್ಲ.